ಅರ್ಜಿ ಕೊಡದೆ ಬರ ಘೋಷಿಸಿದ ಭತ್ತ

ಅಂಬ್ಲಿಗೊಳ ಜಲಾಶಯದ ಅಚ್ಚುಕಟ್ಟಿನ ಕೊನೆಯ ಗದ್ದೆ. ನೆಲ ಬಿರುಕು ಬಿಟ್ಟಿದೆ. ಬದುವಿನ ಮೇಲೆ ಕೂತ ನಮಗೆ ಮಾತಿಗೆ ಸಿಕ್ಕಿದ್ದು ಒಂದು ಭತ್ತದ ಗಿಡ.

ಏನವ್ವಾ, ಎಲೆನೆಲ್ಲ ಬೀಡಿ ಹಂಗೆ ಸುತ್ತಿಕೊಂಡಿದೀಯ?

ನಾಲೆ ನೀರು ಮೇಲಿನವರನ್ನು ದಾಟಿ ನನ್ನ ತನಕ ಬಂದರೆ ತಾನೆ? ಬರ ಘೋಷಿಸಿಬಿಟ್ಟೆ.

ಸರ್ಕಾರಕ್ಕಿಂತ ಮೊದಲೇ?

2023ರಲ್ಲಿ ರಾಜ್ಯದ 223 ತಾಲ್ಲೂಕುಗಳಿಗೆ ಬರ ಬಂದಿದೆ ಅನ್ನೋದಕ್ಕೆ ಸಮೀಕ್ಷೆ, ಮೊದಲ ಪಟ್ಟಿ, ಎರಡನೇ ಪಟ್ಟಿ ಎಲ್ಲ ಬೇಕಾಯ್ತು. ನನಗೆ ಹಂಗಲ್ಲ. ಮಣ್ಣು ಒಣಗುತ್ತಿದ್ದಂಗೆ ಮೈಯಲ್ಲಿ ಅಬ್ಸಿಸಿಕ್ ಆಮ್ಲ ಅನ್ನೋ ಹಾರ್ಮೋನು ಏರುತ್ತೆ, ಎಲೆಯ ರಂಧ್ರಗಳ ಬಾಗಿಲು ಹಾಕಿಸುತ್ತೆ. ಸಹಿ ಇಲ್ಲ, ಸೀಲಿಲ್ಲ.

ಪರಿಹಾರ?

ಪ್ರೋಲಿನ್. ಜೀವಕೋಶದಲ್ಲಿ ತುಂಬಿಕೊಂಡು ಇದ್ದಷ್ಟು ನೀರು ಹಿಡಿದಿಡುತ್ತೆ. ಆದರೆ ಅದರ ಖರ್ಚೆಲ್ಲ ನನ್ನ ಗಂಟಿಂದಲೇ. ಬಾಗಿಲು ಹಾಕಿದರೆ ಗಾಳಿಯ ಇಂಗಾಲವೂ ಒಳಗೆ ಬರಲ್ಲ, ಒಲೆ ಆರುತ್ತೆ.

ಸೊರಬದ ನಿನ್ನ ನೆಂಟರು ಹೇಗಿದ್ದಾರೆ?

ವರದಾ ನದಿ ಉಕ್ಕಿದರೆ ಅವರದು ಉಲ್ಟಾ ಕಷ್ಟ. ಮುಳುಗಿದವರ ಮೈಯಲ್ಲಿ ಎಥಿಲಿನ್ ಸೇರುತ್ತೆ, ಜಿಬ್ಬೆರೆಲಿನ್ ‘ಏಳು, ಬೆಳಿ’ ಅನ್ನುತ್ತೆ. ಎತ್ತರಕ್ಕೆ ಏಳೋ ಭರದಲ್ಲಿ ಕೂಡಿಟ್ಟದ್ದೆಲ್ಲ ಮುಗಿಸಿಕೊಂಡು ಕೊಳೆತು ಹೋಗುತ್ತಾರೆ. ಒಡಿಶಾದ ಹಳೇ ತಳಿಯೊಂದರಲ್ಲಿ ಸಬ್1ಎ ಅನ್ನೋ ಜೀನ್ ಸಿಕ್ಕಿತು. ಅದು ‘ತೆಪ್ಪಗೆ ಕೂರು’ ಅನ್ನೋ ಹಿರಿಯಜ್ಜಿ. ಅದನ್ನು ಪಡೆದ ಸ್ವರ್ಣ-ಸಬ್1 ತಳಿ 2009ರಲ್ಲಿ ರೈತರ ಕೈಗೆ ಬಂತು. ಎರಡು ವಾರದ ತನಕ ಮುಳುಗಿದ್ದರೂ ಮತ್ತೆ ಚಿಗುರುತ್ತೆ.

ಅಂಗಡಿಯಲ್ಲಿ ಬಾಟಲಿ ಸಿಗುತ್ತಲ್ಲ, ಬರ ತಡೆಯೋ ಟಾನಿಕ್ಕು?

ಬಾಟಲಿ ಮೇಲಿರೋ ಗಿಡ ನನಗಿಂತ ಹಸಿರಾಗಿದೆ! ಇಂಥ ಜೈವಿಕ ಉತ್ತೇಜಕಗಳು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ಬಂದಿದ್ದೇ 2021ರಲ್ಲಿ. ಎಲ್ಲವೂ ಮೋಸ ಅನ್ನಲ್ಲ. ಗ್ಲೈಸಿನ್ ಬೀಟೇನ್ ಅಂತ ಒಂದು ರಕ್ಷಕ ಇದೆ. ಪಾಲಕ್, ಬೀಟ್‌ರೂಟ್ ಅದನ್ನು ಮನೆಯಲ್ಲೇ ಮಾಡಿ ಕೂಡಿಡುತ್ತವೆ, ನಮ್ಮ ಕುಲಕ್ಕೆ ಆ ವಿದ್ಯೆ ಬರಲ್ಲ. ಹೊರಗಿಂದ ಕೊಟ್ಟರೆ ಒಂದಿಷ್ಟು ಅನುಕೂಲ ಆದೀತು. ಆದರೆ ಬೇರು ಒಣಗಿದ ಮೇಲೆ ಎಲೆಗೆ ಏನು ಸಿಂಪಡಿಸಿ ಏನು?

ಕೊನೆಗೊಂದು ಮಾತು?

ಈ ಹಾರ್ಮೋನು, ಪ್ರೋಲಿನ್ ಎಲ್ಲ ಸೇರಿ ನನಗೆ ನಾಲ್ಕು ದಿನ ವಾಯಿದೆ ಕೊಡಿಸುತ್ತವೆ, ಅಷ್ಟೇ. ತೆನೆ ಹೊರಡೋ ಹೊತ್ತಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತೆ. ಆಮೇಲೆ ತೂಬು ಎತ್ತಿದರೂ ಜೊಳ್ಳು ಅಕ್ಕಿಯಾಗಲ್ಲ. ಮೇಲಿನ ಗದ್ದೆಯವರಿಗೆ ಹೇಳಿ, ಆ ಒಂದು ವಾರ ನೀರು ಕೊನೆ ಮುಟ್ಟಲಿ.