ಹೋಟೆಲಿಗೊಂದು ವೀರಗಲ್ಲು

ಆರ್‌.ಟಿ. ನಗರದ ನಮ್ಮ ದರ್ಶಿನಿಯೊಂದು ಬಾಗಿಲು ಹಾಕುತ್ತದೆ ಎಂದು ವಾಟ್ಸ್‌ಆ್ಯಪಿನಲ್ಲಿ ಬಂದದ್ದೇ ತಡ, ಕೊನೆಯ ಭಾನುವಾರ ನಾನೂ ಎದ್ದು ಹೊರಟೆ. ಬೀದಿ ತುಂಬ ಕ್ಯೂ. ಹತ್ತು ವರ್ಷದಿಂದ ಆ ಕಡೆ ತಲೆ ಹಾಕಿಯೂ ಮಲಗದವರು, ಅಮೆರಿಕದ ಮೊಮ್ಮಗನಿಗೆ ವಿಡಿಯೊ ಕಾಲಿನಲ್ಲಿ ಚಟ್ನಿ ತೋರಿಸುವವರು, 'ಇದೇ ಮೂಲೇಲಿ ಕಣ್ರೀ ನಮ್ಮ ಮದುವೆ ಮಾತಾಗಿದ್ದು' ಎಂದು ಕಂಬ ಸವರುವವರು. ಒಂಬತ್ತೂವರೆಗೆಲ್ಲ ಇಡ್ಲಿ ಖಾಲಿ. ಗಲ್ಲಾದಲ್ಲಿದ್ದ ಮಾಲೀಕರು ಚಿಲ್ಲರೆ ಎಣಿಸುತ್ತಾ, 'ಇದರಲ್ಲಿ ಅರ್ಧ ಜನ ದಿನಾ ಬಂದಿದ್ರೆ ಮುಚ್ತಾನೇ ಇರ್ಲಿಲ್ಲ ಸಾರ್' ಎಂದರು. ನನಗೆ ಕೇಳಿಸಲಿಲ್ಲ. ಕಾಫಿ ಲೋಟದ ಫೋಟೊ ತೆಗೆಯುತ್ತಿದ್ದೆ.

ವೈಕುಂಠ ಸಮಾರಾಧನೆ ಎಂದರೆ ಹೋದವರ ಹೆಸರಿನಲ್ಲಿ ಮನೆಯವರು ಬಡಿಸುವ ಊಟ. ಇಲ್ಲಿ ಹೋಗುವವರೇ ಸೌಟು ಹಿಡಿದು ನಿಂತು ತಮ್ಮ ಸಮಾರಾಧನೆ ತಾವೇ ಬಡಿಸುತ್ತಾರೆ. 2023ರ ಡಿಸೆಂಬರಿನಲ್ಲಿ ಮಲ್ಲೇಶ್ವರದ ನ್ಯೂ ಕೃಷ್ಣ ಭವನ ಮುಚ್ಚಿದಾಗಲೂ ಇದೇ ಆಯಿತು. ಸುಮಾರು ಎಪ್ಪತ್ತು ವರ್ಷ ನಡೆದ ಹೋಟೆಲು. ಕೊನೆಯ ದಿನಗಳಲ್ಲಿ ಅದರ ಬಟನ್ ಇಡ್ಲಿಗೆ ಹೆಬ್ಬಾಳ, ಯಲಹಂಕದಿಂದೆಲ್ಲ ಕಾರು ಹೊರಟವು. ಸ್ಯಾಂಕಿ ರಸ್ತೆಯ ಕಾವೇರಿ ಚಿತ್ರಮಂದಿರ ನೆಲಕ್ಕುರುಳಿದಾಗಲೂ ಅಷ್ಟೆ. ಎಲ್ಲರೂ ಅಲ್ಲಿ ರಾಜಣ್ಣನ ಸಿನಿಮಾಕ್ಕೆ ಬ್ಲ್ಯಾಕ್ ಟಿಕೆಟ್ ಕೊಂಡವರೇ. ಕಡೆಗಾಲದಲ್ಲಿ ಕೌಂಟರಿನಲ್ಲಿ ಕೊಂಡವರು ಮಾತ್ರ ಯಾರೂ ಸಿಗಲಿಲ್ಲ.

ನಮ್ಮ ಕಡೆ ಶೋಕಕ್ಕೆ ಬೇಡಿಕೆ ಹೀಗೆ ಏರುತ್ತಿರುವಾಗ ಅದಕ್ಕೊಂದು ವ್ಯವಸ್ಥೆ ಬೇಡವೆ? ನನ್ನ ಸಲಹೆ ಇಷ್ಟೆ: ಮುಚ್ಚಿದ ಅಂಗಡಿಗೊಂದೊಂದು ವೀರಗಲ್ಲು. ಇದಕ್ಕೆ ಹೆಬ್ಬಾಳದಲ್ಲೇ ಮೇಲ್ಪಂಕ್ತಿಯಿದೆ. ಗಂಗರ ಶ್ರೀಪುರುಷನ ಕಾಲದಲ್ಲಿ, ಸುಮಾರು ಕ್ರಿ.ಶ. 750ರಲ್ಲಿ, ಪೆರ್ಬೊಳಲ್ನಾಡಿನ ಮೇಲೆ ದಂಡು ಬಂದಾಗ ಕಾದಾಡಿ ಮಡಿದ ಕಿತ್ತಯ್ಯನ ಕಲ್ಲು ಅಲ್ಲಿ ಸಿಕ್ಕಿತು. 2018ರಲ್ಲಿ, ಚರಂಡಿ ಅಗೆಯುವಾಗ. ಇತಿಹಾಸದ ಬಗ್ಗೆ ಕಾಳಜಿಯಿದ್ದ ಕೆಲವರು ಬೆನ್ನುಬಿದ್ದು ಅದಕ್ಕೊಂದು ಮಂಟಪ ಕಟ್ಟಿಸಿದರು. ಅವರಿಲ್ಲದಿದ್ದರೆ ಕಿತ್ತಯ್ಯ ಇಷ್ಟೊತ್ತಿಗೆ ಯಾರದೋ ಬಚ್ಚಲ ಹಿಂದೆ ಬಟ್ಟೆ ಒಗೆಯುವ ಕಲ್ಲಾಗಿರುತ್ತಿದ್ದ. (ಪಾಪ, ಆತ ಊರು ಉಳಿಸಿಕೊಟ್ಟದ್ದು ಹೆಬ್ಬಾಳದ ಫ್ಲೈಓವರ್ ಮೇಲೆ ನಾವು ಮುಕ್ಕಾಲು ಗಂಟೆ ನಿಲ್ಲಲಿ ಎಂದೇ?)

ಮೊದಲ ಕಲ್ಲು ಜಾಲಹಳ್ಳಿಯ ಎಚ್‌ಎಂಟಿ ವಾಚಿಗೆ ಸಲ್ಲಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಕೈಹಿಡಿದು ಶುರುವಾದ ಕಾರ್ಖಾನೆ. ಮೊದಲ ವಾಚುಗಳನ್ನು ಬಿಡುಗಡೆ ಮಾಡಿದ್ದು ನೆಹರು. ಆಮೇಲೆ ಮೂರು ದಶಕ ಈ ದೇಶದಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವರಿಗೂ ರಿಟೈರಾದವರಿಗೂ ಮಣಿಕಟ್ಟಿಗೆ ಬಿದ್ದದ್ದು ಅದೇ. ಮುಖ್ಯವಾಗಿ ಅಳಿಯಂದಿರಿಗೆ. 'ಹುಡುಗನಿಗೆ ಒಂದು ಎಚ್‌ಎಂಟಿ ವಾಚು' ಎಂಬುದು ಮದುವೆ ಮಾತುಕತೆಯ ಕಾಯಂ ಕಲಮು. ದಿನಾ ಬೆಳಿಗ್ಗೆ ಕೀ ಕೊಡಬೇಕಿತ್ತು, ಮರೆತರೆ ನಿಲ್ಲುತ್ತಿತ್ತು. 80ರ ದಶಕದಲ್ಲಿ ಕೀ ಬೇಡದ ಕ್ವಾರ್ಟ್ಜ್ ಬಂತು, ಹೊಸೂರಿನಿಂದ ಟೈಟಾನ್ ಬಂತು. ಎಚ್‌ಎಂಟಿಯವರು ಸರ್ಕಾರಿ ನಿಧಾನದಲ್ಲಿ ಯೋಚಿಸುತ್ತಾ ಕೂತರು. ಎಲ್ಲರೂ ಬೈಯುವುದು ದೆಹಲಿಯನ್ನು. ಆದರೆ ಎಚ್‌ಎಂಟಿಗೆ ಮೊದಲು ಕೈಕೊಟ್ಟವನು ಅಳಿಯ. 'ಮಾವ, ಟೈಟಾನ್ ಆದ್ರೆ ಚೆನ್ನಾಗಿತ್ತು' ಎಂದವನು.

2016ರ ಜನವರಿಯಲ್ಲಿ ಕೇಂದ್ರ ಸಂಪುಟ ಎಚ್‌ಎಂಟಿ ವಾಚಸ್ ಮುಚ್ಚಲು ಒಪ್ಪಿತು. ಅದೇ ಅಳಿಯ, ಈಗ ಸ್ವತಃ ಮಾವನಾದವನು, ಮೇಜಿನ ಖಾನೆಯೆಲ್ಲ ಜಾಲಾಡಿ ಹಳೆಯ 'ಜನತಾ' ಹುಡುಕಿ ಕಣ್ಣೊರೆಸಿಕೊಂಡ. ಈಗ ಜಾಲಹಳ್ಳಿಯಲ್ಲಿ ಮ್ಯೂಸಿಯಂ ಇದೆ. ಅಲ್ಲಿ ನಿಂತು ಸ್ಮಾರ್ಟ್‌ವಾಚ್ ಕಟ್ಟಿದ ಕೈಯನ್ನೇ ಎದೆಗಿಟ್ಟು, 'ಎಂಥಾ ಕಾಲ!' ಎನ್ನುತ್ತಾನೆ. ಕೈಗಡಿಯಾರ ಇವತ್ತಿನ ಹೆಜ್ಜೆ ಎಣಿಸಿಕೊಳ್ಳುತ್ತದೆ. ಕಾರ್ಖಾನೆಯ ಸುತ್ತಲಿನ ಜಮೀನು ಕಾಡೋ ಕಂಪನಿಯದೋ ಎಂದು ರಾಜ್ಯವೂ ಕೇಂದ್ರವೂ ಕಿತ್ತಾಡುತ್ತಿವೆ. ವಾಚು ನಿಂತರೂ ನೆಲಕ್ಕೆ ಕೀ ಕೊಡುವವರು ನಿಂತಿಲ್ಲ.

ಬದುಕಿರುವವರ ಪಾಡು ಇನ್ನೂ ಕಷ್ಟ. ಯಶವಂತಪುರದ ಹತ್ತಿರ ಗಂಧದ ಸಾಬೂನಿನ ಕಾರ್ಖಾನೆ ನಮ್ಮ ಕಣ್ಣೆದುರೇ ಇದೆ, ನಡೆಯುತ್ತಿದೆ, ಲಾಭವನ್ನೂ ಮಾಡುತ್ತಿದೆ, ಅದರ ಹೆಸರಿನ ಮೆಟ್ರೊ ನಿಲ್ದಾಣವೂ ಇದೆ. ಹೀಗೆ ಗಟ್ಟಿಮುಟ್ಟಾಗಿದ್ದರೆ ಅಳುವುದು ಹೇಗೆ? 2025ರಲ್ಲಿ ಪರಭಾಷಾ ನಟಿ ತಮನ್ನಾ ಅವರನ್ನು 6.2 ಕೋಟಿ ರೂಪಾಯಿಗೆ ರಾಯಭಾರಿ ಮಾಡಿದಾಗ ನಮಗೊಂದು ಅವಕಾಶ ಸಿಕ್ಕಿತು. 'ಮೈಸೂರು ಸ್ಯಾಂಡಲ್ ನಮ್ಮ ಅಸ್ಮಿತೆ' ಎಂದು ನಮ್ಮ ಅಪಾರ್ಟ್‌ಮೆಂಟಿನ ಗ್ರೂಪೇ ಹೊತ್ತಿ ಉರಿಯಿತು. ಗ್ರೂಪಿನ ಅಡ್ಮಿನ್ ಮನೆಗೆ ಹೋದಾಗ ಕೈತೊಳೆಯಲು ಎದ್ದೆ. ಬೇಸಿನ್ ಮೇಲೆ ಅದೇನೋ ಫ್ರೆಂಚ್ ಹೆಸರಿನ ಲ್ಯಾವೆಂಡರ್ ನೀರು, ಒತ್ತಿದರೆ ನೊರೆ ಬರುವುದು. 'ಸಾಬೂನು ಈಗ ಯಾರು ಬಳಸ್ತಾರೆ ಸಾರ್' ಎಂದರು.

ವೀರಗಲ್ಲಿಗೆ ಬರೋಣ. ಹಳೆಯ ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಹಂತ: ಕೆಳಗೆ ಕಾಳಗ, ನಡುವೆ ವೀರನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ನಮ್ಮದರಲ್ಲಿ ಕೆಳಗೆ ಹೋಟೆಲಿನವರು ಒಂದು ಕೈಯಲ್ಲಿ ದೋಸೆ ಮಗುಚುವ ಕೈ, ಇನ್ನೊಂದರಲ್ಲಿ ಬಾಡಿಗೆ ಕರಾರು ಹಿಡಿದು, ಕಟ್ಟಡದ ಮಾಲೀಕನನ್ನೂ ಡೆಲಿವರಿ ಆ್ಯಪಿನ ಕಮಿಷನ್ನನ್ನೂ ಎದುರಿಸುತ್ತಿರಬೇಕು. ನಡುವೆ ಅಪ್ಸರೆಯರ ಜಾಗದಲ್ಲಿ ಇಬ್ಬರು ಬ್ರೋಕರುಗಳು. ಮೇಲಿನ ಹಂತದಲ್ಲಿ ಶಿಲ್ಪಿಗೆ ತೊಡಕು. ಕೈಲಾಸಕ್ಕೆ ಹೋಗುವುದು ಕಾದಾಡಿದವರಲ್ಲ, ಜಾಯಿಂಟ್ ಡೆವಲಪ್‌ಮೆಂಟಿಗೆ ಜಾಗ ಕೊಟ್ಟವರು. ಆದ್ದರಿಂದ ಅಲ್ಲಿ ಶಿವಲಿಂಗದ ಬದಲು ಡಾಲರ್ಸ್ ಕಾಲೊನಿಯ ಒಂದು ಮನೆ ಕೆತ್ತಿ, ಬಾಗಿಲಲ್ಲಿ ಕಟ್ಟಡದ ಮಾಲೀಕನನ್ನು ಕೂರಿಸಿದರೆ ಸಾಕು. ಕೆಳಗೆ ಶಾಸನ, ಅಂಗಡಿ ಬೋರ್ಡಿನ ನಿಯಮದಂತೆ ಶೇಕಡಾ ಅರವತ್ತು ಭಾಗ ಕನ್ನಡದಲ್ಲಿ.

ಈ ವಿಷಯದಲ್ಲಿ ನಾನು ಬರೀ ಬಾಯಿಮಾತಿನವನಲ್ಲ. ನಮ್ಮ ಕಟ್ಟಡದ ಕೆಳಗೊಂದು ಫ್ಲೋರ್ ಮಿಲ್ ಇದೆ, ಅಪ್ಪನ ಕಾಲದ್ದು. ಬೇಸಿಗೆಯಲ್ಲಿ ಹಪ್ಪಳದ ಹಿಟ್ಟಿಗೆ ಅಲ್ಲಿ ಸಾಲು. ರಾಗಿ ಬೀಸುವಾಗ ಮೇಲಿನ ನಮ್ಮ ಹಾಸಿಗೆಯೂ ನಡುಗುತ್ತದೆ. ಮಿಲ್ಲಿನವರು ನನಗೆ ಈಗಲೂ 'ಚಿಕ್ಕ ಯಜಮಾನ್ರೇ' ಎನ್ನುತ್ತಾರೆ, ನನಗೆ ಅರವತ್ತೆರಡು. ಆ ಮಿಲ್ಲಿನ ಬಗ್ಗೆ ಒಂದು ನೆನಪಿನ ಬರಹ ಬರೆದು ಮುಗಿಸಿದ್ದೇನೆ, ಓದಿದ ಮನೆಯವಳು ಅತ್ತೇ ಬಿಟ್ಟಳು. ಅಚ್ಚಿಗೆ ಕಳಿಸಲು ಬಿಲ್ಡರ್ ಸಹಿ ಹಾಕುವ ಮುಂದಿನ ಶುಕ್ರವಾರದವರೆಗೆ ಕಾಯಬೇಕು. ಮಿಲ್ಲಿನವರಿಗೆ ಇನ್ನೂ ಹೇಳಿಲ್ಲ.