ಶಾಲ್-ವಿಲ್ ಮೀಮಾಂಸೆ

ಪೀಠಿಕೆ: ಕನ್ನಡ ನಾಡಿನಲ್ಲಿ ಶಾಲು ಬದುಕಿರುವಾಗ ಹೊದಿಸುವಂಥದ್ದು, ವಿಲ್ಲು ಸತ್ತ ಮೇಲೆ ಓದುವಂಥದ್ದು. ಇವುಗಳ ಬಗ್ಗೆ ನಮ್ಮಲ್ಲಿ ಜಗಳವುಂಟು, ಗೊಂದಲವಿಲ್ಲ. ಪ್ರಸ್ತುತ ಮಹಾಪ್ರಬಂಧದ ವಿಷಯವಾದರೋ ಇಂಗ್ಲಿಷಿನ ಭವಿಷ್ಯತ್ಕಾಲವನ್ನು ಹೊತ್ತು ತಿರುಗುವ ಶಾಲ್, ವಿಲ್ ಎಂಬ ಸಹಾಯಕ ಕ್ರಿಯಾಪದದ್ವಯ.

ವ್ಯುತ್ಪತ್ತಿ: ಹಳೆಯ ಇಂಗ್ಲಿಷಿನಲ್ಲಿ ಶಾಲ್‌ನ ಮೂಲಕ್ಕೆ ಸಾಲ ತೀರಿಸಬೇಕಾಗಿದೆ ಎಂದೂ ವಿಲ್‌ನ ಮೂಲಕ್ಕೆ ಬಯಸುವುದು ಎಂದೂ ಅರ್ಥ. ಒಂದು ಋಣ, ಇನ್ನೊಂದು ಆಸೆ. ಇವೆರಡನ್ನು ಬಿಟ್ಟರೆ ಮನುಷ್ಯನಿಗೆ ಬೇರೆ ಭವಿಷ್ಯವಿಲ್ಲ ಎಂಬ ವೇದಾಂತವನ್ನು ಇಂಗ್ಲಿಷರು ವ್ಯಾಕರಣದಲ್ಲೇ ಮುಗಿಸಿಬಿಟ್ಟರು.

ಸೂತ್ರಕಾರ: ನಮ್ಮ ಭಟ್ಟಾಕಳಂಕ 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತದಲ್ಲಿ ಬರೆದ. ತಾನೇನು ಕಮ್ಮಿ ಎಂಬಂತೆ ಜಾನ್ ವಾಲಿಸ್ 1653ರಲ್ಲಿ ಇಂಗ್ಲಿಷಿನ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಬರೆದು ಶಾಲ್-ವಿಲ್ ನಿಯಮ ಕಟ್ಟಿಕೊಟ್ಟ. ಈತ ಗಣಿತಜ್ಞ. 1655ರಲ್ಲಿ ಅನಂತಕ್ಕೆ ಅಡ್ಡ ಮಲಗಿದ ಎಂಟಿನ ಚಿಹ್ನೆ ಕೊಟ್ಟವನೂ ಇವನೇ. ನಿಯಮದ ಅಪವಾದಗಳನ್ನು ಎಣಿಸುತ್ತ ಕೂತಾಗಲೇ ಅದು ಹೊಳೆದಿರಬೇಕೆಂದು ಪ್ರಬಂಧಕಾರನ ವಿನಮ್ರ ಊಹೆ.

ಸೂತ್ರ: ಉತ್ತಮ ಪುರುಷದಲ್ಲಿ ಶಾಲ್ ಬಂದರೆ ಬರಿಯ ಭವಿಷ್ಯ, ವಿಲ್ ಬಂದರೆ ಹಠ. ಮಧ್ಯಮ, ಪ್ರಥಮ ಪುರುಷಗಳಲ್ಲಿ ತಿರುಗುಮುರುಗು.

ವೃತ್ತಿ: ‘ಐ ಶಾಲ್ ಗೋ’ ಎಂದವನು ಹೋಗುತ್ತಾನೆ, ‘ಐ ವಿಲ್ ಗೋ’ ಎಂದವನನ್ನು ಕಟ್ಟಿಹಾಕಿದರೂ ಹೋಗುತ್ತಾನೆ. ‘ಯೂ ವಿಲ್ ಗೋ’ ಎಂದರೆ ಜ್ಯೋತಿಷ್ಯ. ‘ಯೂ ಶಾಲ್ ಗೋ’ ಎಂದರೆ ವರ್ಗಾವಣೆ ಆದೇಶ.

ಪ್ರಯೋಗ: ಇಂಗ್ಲಿಷರು ಹೇಳಿಕೊಂಡು ನಗುತ್ತಿದ್ದ ಹಳೆಯ ಕತೆಯೊಂದಿದೆ. ನೀರಿಗೆ ಬಿದ್ದ ಐರಿಷಿನವನೊಬ್ಬ ‘ಐ ವಿಲ್ ಡ್ರೌನ್, ನೋಬಡಿ ಶಾಲ್ ಸೇವ್ ಮಿ’ ಎಂದು ಕೂಗಿದನಂತೆ. ದಡದಲ್ಲಿದ್ದ ಪಂಡಿತರು ‘ಮುಳುಗಿಯೇ ತೀರುತ್ತೇನೆ, ಯಾರೂ ಉಳಿಸಕೂಡದು’ ಎಂದು ಸೂತ್ರಬದ್ಧವಾಗಿ ಅರ್ಥೈಸಿ, ಅವನ ಇಷ್ಟಕ್ಕೆ ಅಡ್ಡಬರಲಿಲ್ಲ. ಪ್ರಾಣ ಹೋಯಿತು, ವ್ಯಾಕರಣ ಉಳಿಯಿತು.

ಅಧಿಕಾರಿ ನಿರ್ಣಯ: ಈ ಶಾಸ್ತ್ರವನ್ನು ಓದಲು ಯಾರು ಅರ್ಹರು? ಫೌಲರ್ ಸೋದರರು 1906ರ ‘ದಿ ಕಿಂಗ್ಸ್ ಇಂಗ್ಲಿಷ್’ನಲ್ಲಿ ಇದನ್ನು ಇತ್ಯರ್ಥ ಮಾಡಿದ್ದಾರೆ. ದಕ್ಷಿಣ ಇಂಗ್ಲೆಂಡಿನವರಿಗೆ ಇದು ಹುಟ್ಟಿನಿಂದಲೇ ಬರುತ್ತದೆ. ಉಳಿದವರಿಗೆ ಕಲಿತರೂ ಬರುವುದು ಕಷ್ಟ. ಹೀಗೆಂದ ಮೇಲೂ ಪುಟಗಟ್ಟಲೆ ವಿವರಿಸಿದ್ದಾರೆ. ಬರುವವರಿಗೆ ಬೇಡ, ಬೇಕಾದವರಿಗೆ ಬಾರದು: ಶಾಸ್ತ್ರವೆಂದರೆ ಇದು.

ಪೂರ್ವಪಕ್ಷ: ಕಾನೂನಿನಲ್ಲಾದರೂ ಶಾಲ್‌ಗೆ ‘ಮಾಡಲೇಬೇಕು’ ಎಂಬ ಒಂದೇ ಅರ್ಥ ತಾನೇ? ಸಮಾಧಾನ: ಲೋಕಸೇವಾ ಆಯೋಗವನ್ನು ಕೇಳಬೇಕೆನ್ನುವ ನಮ್ಮ ಸಂವಿಧಾನದ 320ನೇ ವಿಧಿಯಲ್ಲಿರುವ ಶಾಲ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟು 1957ರಲ್ಲೇ ತೀರ್ಪಿತ್ತಿದೆ. ವಕೀಲರೂ ಬದುಕಬೇಕಲ್ಲ.

ಫಲಶ್ರುತಿ: ಆಡುಮಾತಿನಲ್ಲಿ ಈಗ ವಿಲ್ ಎಲ್ಲ ಪುರುಷರನ್ನೂ ಗೆದ್ದಿದೆ. ಶಾಲ್ ಕಾಯ್ದೆ ಪುಸ್ತಕಕ್ಕೂ ‘ಶಾಲ್ ವಿ ಗೋ?’ ಎಂಬ ಮರ್ಯಾದೆಯ ಪ್ರಶ್ನೆಗೂ ಮೀಸಲು. ಆದ್ದರಿಂದ ಓದುಗರೇ, ಸಂದೇಹ ಬಂದಲ್ಲಿ ‘ಐಲ್’ ಎಂದು ಅರ್ಧ ನುಂಗಿಬಿಡಿ. ನುಂಗಿದ್ದು ಶಾಲೋ ವಿಲ್ಲೋ ಎಂದು ಇಂಗ್ಲಿಷರೂ ಕೇಳುವುದಿಲ್ಲ.