ಟಾಪು ಮೀಮಾಂಸೆ

ವಿಷಯ, ಪ್ರಯೋಜನ, ಅಧಿಕಾರಿ ಎಂಬ ಮೂರನ್ನು ಮೊದಲೇ ಹೇಳಿಬಿಡುವುದು ಶಾಸ್ತ್ರಕಾರರ ವಾಡಿಕೆ. ಇಲ್ಲಿ ವಿಷಯ, ಹಳೆಯ ಜೀಪಿನ ಹರಿದ ಟಾಪು. ಪ್ರಯೋಜನ, ತಲೆ ಒಣಗಿರುವುದು. ಅಧಿಕಾರಿ ಯಾರೆಂದರೆ, ಕುಶನ್ ವರ್ಕ್ಸ್‌ನವನ ರೇಟು ಕೇಳಿ ‘ಅಷ್ಟು ದುಡ್ಡಿಗೆ ನಾನೇ ಹೊಲ್ಕೋತೀನಿ ಬುಡಯ್ಯ’ ಎಂದು ಎದ್ದು ಬಂದವನು.

ಪರದೇಶದ ಕನ್ವರ್ಟಿಬಲ್ ಕಾರಿನಲ್ಲಿ ಗುಂಡಿ ಒತ್ತಿದರೆ ಟಾಪು ತಾನಾಗಿ ಮಡಚಿಕೊಳ್ಳುತ್ತದಂತೆ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಕನ್ವರ್ಟಿಬಲ್ ಎಂದರೆ ಮಹೀಂದ್ರ ಜೀಪು. ಗುಂಡಿಗಳು ಇದಕ್ಕೂ ಉಂಟು. ಟಿಚ್ ಬಟನ್ನುಗಳು, ಅರ್ಧಕ್ಕರ್ಧ ಉದುರಿದವು. ಅಮೆರಿಕದ ಸೈನ್ಯಕ್ಕೆ ವಿಲ್ಲೀಸ್ ಜೀಪು ತಯಾರಾಗತೊಡಗಿದ್ದು 1941ರಲ್ಲಿ, ಮಹೀಂದ್ರದವರು ಮುಂಬೈಯಲ್ಲಿ ಅದನ್ನು ಜೋಡಿಸತೊಡಗಿದ್ದು ಆ ದಶಕದ ಕೊನೆಯ ವರ್ಷಗಳಲ್ಲಿ. ಮೈಸೂರು ಜಿಲ್ಲೆಯಿಂದ ಮಂಡ್ಯ ಬೇರೆಯಾದದ್ದು 1939ರಲ್ಲಿ. ಆದಕಾರಣ ಜೀಪಿಗಿಂತ ಜಿಲ್ಲೆಯೇ ಹಿರಿದೆಂದು ಸಿದ್ಧವಾಯಿತು. ಇದರಿಂದ ಟಾಪಿಗೇನು ಲಾಭ ಎನ್ನುವವರು ಪಿಎಚ್.ಡಿ. ಪ್ರಬಂಧಗಳ ಮೊದಲ ಅಧ್ಯಾಯ ಓದಿದವರಲ್ಲ.

ಟಾಪು ಹರಿಯಲು ಕಾರಣಗಳು ಎರಡು: ನಿಮಿತ್ತ ಕಾರಣ, ಉಪಾದಾನ ಕಾರಣ. 1933ರಲ್ಲಿ ಶುರುವಾದ ಮಂಡ್ಯದ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರನ್ನು ಓವರ್‌ಟೇಕ್ ಮಾಡಹೋಗಿ, ಹೊರಗೆ ಚಾಚಿದ ಜಲ್ಲೆಗೆ ಟಾಪು ಕೊಡುವುದು ನಿಮಿತ್ತ. ಉಪಾದಾನವಿರುವುದು ಟಾಪಿನ ರೆಕ್ಸಿನ್ನಿನಲ್ಲೇ. ಬಟ್ಟೆಯ ಮೇಲೆ ಬಳಿದ ಪಿವಿಸಿಗೆ ಮೆದುತನ ಕೊಡುವ ಎಣ್ಣೆಯಂಥ ದ್ರವ್ಯ ಬಿಸಿಲಿಗೆ ವರ್ಷವರ್ಷವೂ ಸೋರಿಹೋಗುತ್ತದೆ. ಆಮೇಲೆ ರೆಕ್ಸಿನ್ ಬಿರುಸಾಗಿ, ಹುಡ್ಡಿನ ಕಂಬಿ ತಗುಲುವ ಗೆರೆಯುದ್ದಕ್ಕೂ ಸೀಳುತ್ತದೆ. ಅಪವಾದ ಮಾತ್ರ ಯಾವಾಗಲೂ ಕಬ್ಬಿನ ಮೇಲೆ.

ಇನ್ನು ಈ ಶಾಸ್ತ್ರದ ಜೀವಾಳವಾದ ಅನುಮಾನ ಪ್ರಕರಣ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯುಂಟೆಂದು ತಾರ್ಕಿಕರು ಹೇಳುತ್ತಾರೆ. ಅವರು ಜೀಪಿನಲ್ಲಿ ಕೂತವರಲ್ಲ. ಹನಿ ಬಿದ್ದ ಕಡೆ ಮೇಲೆ ತೂತಿದೆ ಎಂಬುದು ಪೂರ್ವಪಕ್ಷ. ಅಲ್ಲ, ನೀರು ಹಿಂದಿನ ಹೊಲಿಗೆಯಲ್ಲಿ ಒಳಗೆ ಬಂದು, ಕಂಬಿಯ ಅಡಿಯಲ್ಲಿ ಮೆಲ್ಲಗೆ ಹರಿದು, ಡ್ರೈವರ್ ಪಕ್ಕದಲ್ಲಿ ಕೂತವರ ಕುತ್ತಿಗೆಯಲ್ಲಿ ಇಳಿಯುತ್ತದೆ. ತೂತು ಒಂದು ಕಡೆ, ತೊಟ್ಟಿಕ್ಕುವುದು ಇನ್ನೊಂದು ಕಡೆ. ಆದ್ದರಿಂದ ಅನುಮಾನ ಸಾಲದು, ಪ್ರತ್ಯಕ್ಷವೇ ಪ್ರಮಾಣ. ಪ್ರತ್ಯಕ್ಷಕ್ಕೆ ಬೇಕಾದ ಸಾಮಗ್ರಿ: ಒಂದು ಸ್ಟೂಲು, ಒಂದು ಚೊಂಬು ನೀರು, ಒಬ್ಬ ಬಾಮೈದ. ಬಾಮೈದನನ್ನು ಒಳಗೆ ಕೂರಿಸಿ ಮೇಲಿಂದ ಸುರಿಯಬೇಕು.

‘ಬತ್ತಾ ಅದೇನ್ಲಾ?’

‘ಬತ್ತಾ ಅದೆ ಬಾವ.’

‘ಎಲ್ಲಿಂದ?’

‘ಎಲ್ಲಿಂದ ಅನ್ನೋದು ಗೊತ್ತಾಯ್ತಿಲ್ಲ ಬಾವ, ಎಲ್ಗೆ ಅನ್ನೋದು ಮಾತ್ರ ಚೆನ್ನಾಗ್ ಗೊತ್ತಾಯ್ತಾ ಅದೆ.’

ಈ ವಾಕ್ಯಕ್ಕಿಂತ ಮೇಲಾದ ಭಾಷ್ಯವನ್ನು ಈ ಲೇಖಕ ಬೇರೆಲ್ಲೂ ಕಂಡಿಲ್ಲ.

ತೂತು ಸಿಕ್ಕಿತೆನ್ನಿ. ಮುಂದಿನ ದಾರಿಯ ಬಗ್ಗೆ ನಮ್ಮ ಸೌಕರ್ಯಕ್ಕಾಗಿ ಮೂರು ಮತಗಳನ್ನು ಕಲ್ಪಿಸಿಕೊಂಡು, ಮೂರು ಊರಿಗೆ ಹಂಚೋಣ. ಮಂಡ್ಯದವರು ಹೊಲಿಗೆವಾದಿಗಳು. ದಬ್ಬಳ, ಮೇಣ ತೀಡಿದ ದಾರ, ಎರಡು ಕಡೆಯಿಂದ ಎರಡು ಸೂಜಿ. ಮೋಚಿ ಹಾಕುವಂಥ ಹೊಲಿಗೆ. ಇವರ ಮತದಲ್ಲಿ ದೋಷ ಒಂದೇ: ಒಂದು ಹರುಕು ಮುಚ್ಚಲು ನೂರು ತೂತು. ಟಾಪು ಹಳೆಯ ಕಾಲದ ಹತ್ತಿಯ ಕ್ಯಾನ್‌ವಾಸಾದರೆ ಚಿಂತೆಯಿಲ್ಲ. ನೆನೆದಾಗ ಬಟ್ಟೆಯೂ ಹತ್ತಿದಾರವೂ ಉಬ್ಬಿ ಸಂದು ತಾನೇ ಮುಚ್ಚುತ್ತದೆ. ಒಳಗಿನಿಂದ ಬೆರಳು ಸೋಕಿಸಬಾರದು ಅಷ್ಟೇ, ಸೋಕಿಸಿದಲ್ಲೇ ಸೋರತೊಡಗುತ್ತದೆ. ರೆಕ್ಸಿನ್‌ಗೆ ಈ ಗುಣವಿಲ್ಲ. ಹೊಲಿಗೆಯ ಮೇಲೆ ಅಂಟು ಬಳಿಯಲೇಬೇಕು.

ಅಲ್ಲಿಗೆ ಮದ್ದೂರಿನ ಅಂಟುವಾದ ಗೆದ್ದಂತಾಯಿತೆ? ಪಂಕ್ಚರ್ ಅಂಗಡಿಯ ಸಲ್ಯೂಷನ್ ಹುಟ್ಟಿರುವುದು ರಬ್ಬರಿಗೆ, ರೆಕ್ಸಿನ್ ಮೇಲೆ ಅದರ ಆಯಸ್ಸು ಮೊದಲ ಬಿಸಿಲಿನವರೆಗೆ. ಪಿವಿಸಿಗೆ ಹಿಡಿಯುವ ಅಂಟೇ ಬೇಕು. ಹರುಕಿಗಿಂತ ಸುತ್ತ ಎರಡು ಬೆರಳು ಅಗಲವಾಗಿ ತೇಪೆ ಕತ್ತರಿಸಿ, ಮೂಲೆಗಳನ್ನು ದುಂಡಗೆ ಮಾಡಬೇಕು. ಚೂಪು ಮೂಲೆ ಮೊದಲು ಏಳುತ್ತದೆ. ಎರಡೂ ಮೈಗೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹರಿದು ಬರುವ ನೀರಿಗೆ ತೇಪೆಯ ಅಂಚು ಬಾಯ್ಬಿಡದಂತೆ, ಹೆಂಚು ಹೊದಿಸುವ ಹಾಗೆ, ಮೇಲಿನದು ಕೆಳಗಿನದರ ಮೇಲೆ ಬರಬೇಕು. ಇಷ್ಟೆಲ್ಲ ಬಲ್ಲ ಮದ್ದೂರಿನವರು ಸೋಲುವುದು ಒಂದೇ ವಿಘ್ನಕ್ಕೆ: ಅಂಟು ಆರುವ ತನಕ ಸುಮ್ಮನಿರಲಾರದೆ ವಡೆ ತಿನ್ನುತ್ತಾರೆ. ಎಣ್ಣೆ ಪಸೆ ಇದ್ದ ಕೈ ತಗುಲಿದ ಕಡೆ ಬ್ರಹ್ಮ ಬಂದರೂ ತೇಪೆ ಕೂರುವುದಿಲ್ಲ.

ಕೊಕ್ಕರೆ ಬೆಳ್ಳೂರಿನಲ್ಲಿ ಹುಣಸೇಮರದಡಿ ಜೀಪು ನಿಲ್ಲಿಸಿದವರಿಗೆ ಹೆಜ್ಜಾರ್ಲೆಗಳು ಮೇಲಿಂದ ಬಿಟ್ಟಿಯಾಗಿ ಬಳಿದುಕೊಡುವ ಲೇಪವೂ ಜಲನಿರೋಧಕವೇ ಎಂಬ ಉಪಚರ್ಚೆಯೊಂದಿದೆ. ಆ ಊರಿನವರು ಅದನ್ನು ಹೊಲಕ್ಕೆ ಗೊಬ್ಬರವೆಂದೇ ಬಳಸುತ್ತಾರಾದ್ದರಿಂದ ಲೇಪವಾದ ಇಲ್ಲಿಗೆ ಖಂಡಿತವಾಯಿತು.

ಉಳಿದದ್ದು ಮಳವಳ್ಳಿಯ ಹೊದಿಕೆವಾದ: ಹೊಲಿಯಬೇಡಿ, ಅಂಟಿಸಬೇಡಿ, ಮೇಲೊಂದು ಟಾರ್ಪಾಲು ಎಳೆದು ಹಗ್ಗ ಬಿಗಿಯಿರಿ. ಮಾಯಾವಾದಕ್ಕೆ ಹತ್ತಿರದ ನಿಲುವು. ಹರುಕು ಕಾಣದು, ಆದ್ದರಿಂದ ಇಲ್ಲವೇ ಇಲ್ಲ. ತರ್ಕದಿಂದ ಇವರನ್ನು ಗೆದ್ದವರಿಲ್ಲ. ಪ್ರಯೋಗ ನೋಡಬೇಕೆಂದು ಕೇಳಿದರೆ, ಸುಗ್ಗಿ ಮುಗಿಯಲಿ ಎನ್ನುತ್ತಾರೆ: ಟಾರ್ಪಾಲು ರಾಗಿ ರಾಶಿ ಮುಚ್ಚಲು ಹೋಗಿದೆ, ಜೀಪು ರೋಡಿನಲ್ಲಿ ರಾಗಿ ತೆನೆ ತುಳಿಯಲು ಹೋಗಿದೆ.